ಒಂಬತ್ತನೇ ತರಗತಿಯ ಆರನೇ ವಿಷಯ: ನನ್ನ ಮತ 402ಕ್ಕೆ

ಸಿಬಿಎಸ್‌ಇ ಶಾಲೆಗಳಲ್ಲಿ ಒಂಬತ್ತನೇ ತರಗತಿಗೆ ಕಾಲಿಡುವಾಗ ಆರನೇ ವಿಷಯವಾಗಿ ಒಂದು ಕೌಶಲ ವಿಷಯ ಆರಿಸಿಕೊಳ್ಳಿ ಎಂದು ಒಂದು ಅರ್ಜಿ ಮನೆಗೆ ಬರುತ್ತದೆ. ಮಂಡಳಿಯ ಪಟ್ಟಿ ಉದ್ದವಾಗಿದ್ದರೂ ಹೆಚ್ಚಿನ ಶಾಲೆಗಳು ಕೊಡುವುದು ಎರಡನ್ನೋ ಮೂರನ್ನೋ. ನಮ್ಮ ಕಡೆ ನಿಜವಾದ ಸ್ಪರ್ಧೆ 402 ಸಂಖ್ಯೆಯ ಮಾಹಿತಿ ತಂತ್ರಜ್ಞಾನ ಮತ್ತು 417 ಸಂಖ್ಯೆಯ ಕೃತಕ ಬುದ್ಧಿಮತ್ತೆಯ ನಡುವೆ. ಎಲ್ಲರೂ ಕರೆಯುವಂತೆ ಹೇಳುವುದಾದರೆ ಐಟಿ ಮತ್ತು ಎಐ. ನಾನು ಐಟಿ ಪಕ್ಷದವನು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಎಷ್ಟು ಅನುಮಾನದಿಂದ ಓದಬೇಕೆಂದು ನೀವೇ ತೀರ್ಮಾನಿಸಬಹುದು.

ನನಗೆ ಈ ಮಾತಾಡುವ ಹಕ್ಕು ಬಂದದ್ದು ಹೀಗೆ. ಮೈಸೂರಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಮದುವೆಯ ಕರೆಯೋಲೆ, ಗೃಹಪ್ರವೇಶದ ಆಹ್ವಾನ, ಸಂಘಗಳ ವಾರ್ಷಿಕ ವರದಿ, ಪರೀಕ್ಷೆಯ ಹೊತ್ತಿಗೆ ಮಕ್ಕಳ ಪ್ರಾಜೆಕ್ಟ್. ಮಗಳು 402 ತೆಗೆದುಕೊಂಡಳು. ಅದೇ ವರ್ಷ ಬೇರೆ ಶಾಲೆಯಲ್ಲಿ ತಮ್ಮನ ಮಗ 417 ತೆಗೆದುಕೊಂಡ. ಮನೆಗಳಲ್ಲಿ ಒಳ್ಳೆಯ ಕಂಪ್ಯೂಟರ್ ಇಲ್ಲದ್ದರಿಂದ ಇಬ್ಬರೂ ಸಂಜೆ ಅಂಗಡಿಗೇ ಬಂದು ಕೂರುತ್ತಿದ್ದರು. ಎರಡು ವರ್ಷ ಎರಡೂ ವಿಷಯಗಳು ನನ್ನ ಕಣ್ಣೆದುರೇ ನಡೆದವು.

ಮೊದಲು ಎಐಗೆ ಸಲ್ಲಬೇಕಾದ ಮರ್ಯಾದೆ. ಪಾಠ ಪೊಳ್ಳಲ್ಲ. ಸಮಸ್ಯೆ ಗುರುತಿಸುವುದು, ದತ್ತಾಂಶ ಕೂಡಿಸುವುದು, ಅದನ್ನು ಪರಿಶೀಲಿಸುವುದು, ಮಾದರಿ ಕಟ್ಟುವುದು, ಫಲಿತಾಂಶವನ್ನು ಅಳೆಯುವುದು ಎಂಬ ಹಂತಗಳನ್ನು ಕ್ರಮವಾಗಿ ಕಲಿಸುತ್ತಾರೆ. ಹತ್ತನೇ ತರಗತಿಯಲ್ಲಿ ಅಳೆಯುವ ಪಾಠ ಬಂದಾಗ ಹುಡುಗ ಬಂದು, "ದೊಡ್ಡಪ್ಪ, ನೀವು ಕರಡು ತಿದ್ದುತ್ತೀರಲ್ಲ, ಇದು ಅದೇ" ಎಂದ. ಪುಟದಲ್ಲಿ ಇರುವ ಒಟ್ಟು ತಪ್ಪುಗಳಲ್ಲಿ ನಾನು ಎಷ್ಟು ಹಿಡಿದೆ ಎಂಬುದು ರೀಕಾಲ್. ನಾನು ಕೆಂಪು ಗೆರೆ ಎಳೆದ ಜಾಗಗಳಲ್ಲಿ ಎಷ್ಟು ನಿಜವಾಗಿಯೂ ತಪ್ಪಾಗಿದ್ದವು ಎಂಬುದು ಪ್ರಿಸಿಷನ್. ಎಲ್ಲಕ್ಕೂ ಗೆರೆ ಎಳೆದರೆ ಮೊದಲನೆಯದು ನೂರಕ್ಕೆ ನೂರು, ಎರಡನೆಯದು ಪಾತಾಳ. ಇಷ್ಟು ವರ್ಷ ಕರಡು ತಿದ್ದಿದ ನನಗೆ ನನ್ನ ಕಸುಬನ್ನು ಹೀಗೆ ಯಾರೂ ವಿವರಿಸಿರಲಿಲ್ಲ. ಆ ಒಂದು ಸಂಜೆಯ ಮಟ್ಟಿಗೆ ನಾನು ಪಕ್ಷಾಂತರ ಮಾಡುವವನಿದ್ದೆ.

ಅಡ್ಡ ಬಂದದ್ದು ಪ್ರಾಯೋಗಿಕ ಪುಸ್ತಕ. 417ರ ಐವತ್ತು ಪ್ರಾಯೋಗಿಕ ಅಂಕಗಳಲ್ಲಿ ಒಂದು ಪಾಲು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಪ್ರೋಗ್ರಾಂಗಳ ಕಡತಕ್ಕೆ ಮೀಸಲು. ಆ ಕಡತಗಳನ್ನು ಮುದ್ರಿಸಿಕೊಡುವವನು ನಾನೇ. ಒಂದೇ ತರಗತಿಯ ಮಕ್ಕಳು ಸಾಲಾಗಿ ಬಂದು ಪೆನ್ ಡ್ರೈವ್ ಕೊಡುತ್ತಿದ್ದರು. ತೆರೆದರೆ ಅದೇ ಪ್ರೋಗ್ರಾಂ, ಅದೇ ಕ್ರಮ, ಉತ್ತರದ ಚಿತ್ರದಲ್ಲಿ ಅದೇ ಸಂಖ್ಯೆಗಳು, ಮುಖಪುಟದ ಹೆಸರು ಮಾತ್ರ ಬೇರೆ. ಒಬ್ಬಳ ಕಡತದಲ್ಲಿ ಹೆಸರನ್ನೂ ಬದಲಿಸಿರಲಿಲ್ಲ, ನಾನೇ ಕರೆದು ಹೇಳಿದೆ. ಮಕ್ಕಳನ್ನು ದೂರಿ ಫಲವಿಲ್ಲ. ಆ ಶಾಲೆ ಪಾಠವನ್ನು ಹೊರಗಿನ ಸಂಸ್ಥೆಯೊಂದಕ್ಕೆ ಒಪ್ಪಿಸಿತ್ತು, ಸಂಸ್ಥೆ ಕೊಟ್ಟ ಪುಸ್ತಿಕೆಯಲ್ಲಿ ಎಲ್ಲವೂ ಬರೆದೇ ಇತ್ತು, ಕಲಿಸಲು ಬರುವವರು ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ಅದಕ್ಕೆಂದು ಶುಲ್ಕದ ಜೊತೆ ಬೇರೆ ಹಣವನ್ನೂ ಕಟ್ಟಿಸಿಕೊಂಡರು. ಒಳ್ಳೆಯ ಮೇಷ್ಟ್ರು ಇರುವ ಶಾಲೆಯಲ್ಲಿ ಈ ಕಥೆ ಬೇರೆಯಾಗಿರುತ್ತದೆ, ಖಂಡಿತ.

ಇನ್ನು 402. ಹೊರಗಿನಿಂದ ನೋಡಿದರೆ ಪೇಲವ. ಒಂಬತ್ತರಲ್ಲಿ ಟೈಪಿಂಗ್, ಬರಹಕ್ಕೆ ರೈಟರ್, ಲೆಕ್ಕದ ಕೋಷ್ಟಕಕ್ಕೆ ಕ್ಯಾಲ್ಕ್, ಸ್ಲೈಡುಗಳಿಗೆ ಇಂಪ್ರೆಸ್; ಹತ್ತರಲ್ಲಿ ಅವೇ ಇನ್ನೊಂದಿಷ್ಟು ಆಳವಾಗಿ, ಜೊತೆಗೆ ಡೇಟಾಬೇಸ್. "ಇದನ್ನು ಯಾರಾದರೂ ಶಾಲೆಯಲ್ಲಿ ಕಲಿಯುತ್ತಾರೆಯೇ, ಮೊಬೈಲ್ ಹಿಡಿದರೆ ತಾನೇ ಬರುತ್ತದೆ" ಎಂದು ತಮ್ಮ ನಕ್ಕಿದ್ದ. ಬರುವುದಿಲ್ಲ. ಪದವಿ ಮುಗಿಸಿದವರು ಅಂಗಡಿಗೆ ತರುವ ಪ್ರಬಂಧಗಳಲ್ಲಿ ಪರಿವಿಡಿಯ ಪುಟಸಂಖ್ಯೆಗಳನ್ನು ಚುಕ್ಕಿ ಒತ್ತಿ ಒತ್ತಿ ಬಲಕ್ಕೆ ತಳ್ಳಿರುತ್ತಾರೆ. ನಡುವೆ ಒಂದು ಪ್ಯಾರಾ ಸೇರಿಸಿದರೆ ಇಡೀ ಪರಿವಿಡಿ ಸುಳ್ಳಾಗುತ್ತದೆ. ಶೀರ್ಷಿಕೆಗಳಿಗೆ ಸ್ಟೈಲ್, ಅಂದರೆ ಹೆಸರಿಟ್ಟ ಸಿದ್ಧ ರೂಪ, ಕೊಟ್ಟು, ಅದರಿಂದ ಪರಿವಿಡಿಯನ್ನು ತಾನಾಗಿ ಹುಟ್ಟಿಸುವುದನ್ನು ನನ್ನ ಮಗಳು ಹತ್ತನೇ ತರಗತಿಯಲ್ಲೇ ಕಲಿತಳು. ಸಂಘವೊಂದರ ವಾರ್ಷಿಕ ವರದಿಯ ಪರಿವಿಡಿಯನ್ನು ಅವಳೇ ಮಾಡಿದಳು.

ಆದರೆ ನನ್ನ ಮೆಚ್ಚಿನ ವಿಷಯಕ್ಕೂ ಒಂದು ಮುಳ್ಳು ಇದೆ, ಅದನ್ನು ಯಾವ ಶಾಲೆಯೂ ಮುಂಚಿತವಾಗಿ ಹೇಳುವುದಿಲ್ಲ. ಪಠ್ಯ ಪೂರ್ತಿ ಲಿಬ್ರೆ ಆಫೀಸ್ ಮೇಲೆ ನಿಂತಿದೆ; ರೈಟರ್, ಕ್ಯಾಲ್ಕ್ ಎಲ್ಲ ಅದರ ಭಾಗಗಳೇ. ಮನೆಗಳಲ್ಲಿ, ಅಂಗಡಿಗಳಲ್ಲಿ, ಸೈಬರ್ ಸೆಂಟರುಗಳಲ್ಲಿ ಇರುವುದು ಮೈಕ್ರೋಸಾಫ್ಟ್ ಆಫೀಸ್. ಕೆಲಸ ಒಂದೇ, ದಾರಿ ಬೇರೆ. ಬೇಕಾದ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕುವ ಗೋಲ್ ಸೀಕ್ ಎಂಬುದು ಕ್ಯಾಲ್ಕ್‌ನಲ್ಲಿ ಟೂಲ್ಸ್ ಮೆನುವಿನಲ್ಲೇ ಸಿಗುತ್ತದೆ. ಎಕ್ಸೆಲ್‌ನಲ್ಲಿ ಡೇಟಾ ಪಟ್ಟಿಯೊಳಗೆ ವಾಟ್-ಇಫ್ ಎಂಬುದರ ಅಡಿಯಲ್ಲಿ ಹುಡುಕಬೇಕು. ರೈಟರ್‌ನಲ್ಲಿ ಎಫ್11 ಒತ್ತಿದರೆ ಸ್ಟೈಲ್‌ಗಳು ತೆರೆಯುತ್ತವೆ. ವರ್ಡ್‌ನಲ್ಲಿ ಎಷ್ಟು ಒತ್ತಿದರೂ ತೆರೆಯುವುದಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಒಂದೊಂದು ಅಂಕಕ್ಕೆ ಕೇಳುವುದು ಇಂಥವನ್ನೇ, ಯಾವ ಮೆನು, ಯಾವ ಕೀ. ಮನೆಯಲ್ಲಿ ಒಂದರಲ್ಲಿ ಅಭ್ಯಾಸ ಮಾಡಿ ಪರೀಕ್ಷೆಯಲ್ಲಿ ಇನ್ನೊಂದರ ಉತ್ತರ ಬರೆಯುವ ಮಗುವಿನ ಪಾಡು ಯೋಚಿಸಿ.

ಲಿಬ್ರೆ ಆಫೀಸ್ ಉಚಿತ, ಹಾಕಿಕೊಂಡರಾಯಿತು ಎನ್ನುತ್ತೀರಿ. ಹಾಕಿಕೊಂಡೆವು. ಆಗ ಬಂತು ಮೇಲ್ ಮರ್ಜ್. ಒಂದೇ ಪತ್ರ, ನೂರು ವಿಳಾಸ. ಪ್ರತಿಯೊಂದರ ಮೇಲೂ ಹೆಸರು ತಾನಾಗಿ ಬೀಳಬೇಕು. ಮಗಳು ಶಾಲೆಯ ಲ್ಯಾಬಿನಲ್ಲಿ ಅಚ್ಚುಕಟ್ಟಾಗಿ ಮಾಡಿ, ಪತ್ರದ ಕಡತವನ್ನೂ ವಿಳಾಸಗಳ ಕಡತವನ್ನೂ ಪೆನ್ ಡ್ರೈವ್‌ಗೆ ಹಾಕಿಕೊಂಡು ಬಂದಳು. ಅಂಗಡಿಯಲ್ಲಿ ತೆರೆದರೆ ಪತ್ರ ಇದೆ, ವಿಳಾಸಗಳೂ ಇವೆ, ಆದರೆ ಒಂದಕ್ಕೊಂದು ಪರಿಚಯವೇ ಇಲ್ಲ. ಎರಡೂ ಪಕ್ಕಪಕ್ಕದಲ್ಲೇ ಕೂತಿವೆ, ಮಾತಿಲ್ಲ.

ಕಾರಣ ಹುಡುಕುವಷ್ಟರಲ್ಲಿ ನನ್ನ ತಾಳ್ಮೆ ಮುಗಿದಿತ್ತು. ರೈಟರ್ ವಿಳಾಸಪಟ್ಟಿಯನ್ನು ನೇರವಾಗಿ ಓದುವುದಿಲ್ಲ. ಅದನ್ನು ಮೊದಲು ಒಂದು ದತ್ತಾಂಶ ಮೂಲವೆಂದು ನೋಂದಾಯಿಸಿಕೊಳ್ಳುತ್ತದೆ, ಅದಕ್ಕಾಗಿ ಹುಟ್ಟುವ ಕಡತದ ಹೆಸರಿನ ಕೊನೆಗೆ ಒಡಿಬಿ ಎಂದು ಬರುತ್ತದೆ. ಆ ನೋಂದಣಿ ಉಳಿಯುವುದು ಶಾಲೆಯ ಕಂಪ್ಯೂಟರಿನಲ್ಲಿ. ಅದು ನೆನಪಿಟ್ಟುಕೊಂಡಿರುವ ದಾರಿಯೂ ಶಾಲೆಯ ಕಂಪ್ಯೂಟರಿನದೇ. ಹೊಸ ಜಾಗದಲ್ಲಿ ಪಟ್ಟಿಯನ್ನು ಮತ್ತೆ ನೋಂದಾಯಿಸಿ, ಎಡಿಟ್ ಮೆನುವಿನ ಎಕ್ಸ್‌ಚೇಂಜ್ ಡೇಟಾಬೇಸ್‌ನಲ್ಲಿ ಹಳೆಯದರ ಬದಲು ಹೊಸದನ್ನು ತೋರಿಸಬೇಕು. ಮಗಳು ತಂದಿದ್ದ ಹಳೆಯ ಗೈಡು ದತ್ತಾಂಶ ಮೂಲಗಳನ್ನು ನೋಡಲು ಎಫ್4 ಒತ್ತು ಎನ್ನುತ್ತಿತ್ತು. ಒತ್ತಿದರೆ ಏನೂ ಆಗದು. ಈಗಿನ ಆವೃತ್ತಿಗಳಲ್ಲಿ ಅದು ಕಂಟ್ರೋಲ್, ಶಿಫ್ಟ್, ಎಫ್4 ಮೂರನ್ನೂ ಕೂಡಿಸಿ ಒತ್ತಬೇಕಾದ ಕೀ. ಗೈಡು ಬರೆದವರು ಹಳೆಯ ಆವೃತ್ತಿಯಲ್ಲೇ ನಿಂತುಬಿಟ್ಟಿದ್ದರು.

ಕನ್ನಡದ ತಂಟೆ ಬೇರೆ. ರೈಟರ್ ಕನ್ನಡ ಲಿಪಿಗೆ ಫಾಂಟನ್ನೂ ಅಕ್ಷರದ ಗಾತ್ರವನ್ನೂ ಇಂಗ್ಲಿಷಿನಿಂದ ಪ್ರತ್ಯೇಕವಾಗಿ ಇಟ್ಟುಕೊಳ್ಳುತ್ತದೆ. ಸ್ಟೈಲಿನಲ್ಲಿ ಒಂದನ್ನು ಬದಲಿಸಿ ಇನ್ನೊಂದನ್ನು ಬಿಟ್ಟರೆ ಲಕೋಟೆಯ ಮೇಲೆ ಊರಿನ ಹೆಸರು ದೊಡ್ಡದು, ಪಿನ್‌ಕೋಡ್ ಚಿಕ್ಕದು. ಗಿರಾಕಿಗಳು ತರುವ ಪಟ್ಟಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ತೋರಿಸುವ ಹಳೆಯ ನುಡಿ ಫಾಂಟಿನಲ್ಲಿದ್ದರೆ ಮೊದಲು ಎಲ್ಲ ಕಂಪ್ಯೂಟರುಗಳೂ ಓದುವ ಯೂನಿಕೋಡ್‌ಗೆ ತಿರುಗಿಸದೆ ಮುಂದೆ ಹೋಗುವಂತಿಲ್ಲ, ಇಲ್ಲದಿದ್ದರೆ ವರನ ಸೋದರಮಾವನ ಹೆಸರು ಇಂಗ್ಲಿಷಿನ ಕಲಸುಮೇಲೋಗರವಾಗಿ ಅಚ್ಚಾಗುತ್ತದೆ. ಇದು ಪಠ್ಯದಲ್ಲಿಲ್ಲ. ಇರಬೇಕಿತ್ತು.

ಇಷ್ಟೆಲ್ಲ ಗೊಣಗಿದ ಮೇಲೂ ನಾನು 402ರ ಕಡೆಗೇ ಇರುವುದಕ್ಕೆ ಕಾರಣ ಆ ಗೊಣಗಾಟವೇ. ಮುರಿದದ್ದು ಕಣ್ಣಿಗೆ ಕಾಣುವ ವಸ್ತುವಾಗಿತ್ತು, ಸರಿಮಾಡಿದ್ದೂ ಕಾಣುತ್ತಿತ್ತು. ಮರುವಾರ ಒಂದು ಮದುವೆಯ ಲಕೋಟೆಗಳ ವಿಳಾಸವನ್ನೆಲ್ಲ ಮಗಳು ಒಬ್ಬಳೇ ಮುದ್ರಿಸಿದಳು. ಮೊದಲಾದರೆ ಅದನ್ನು ಕೈಯಲ್ಲಿ ಬರೆಯಲು ಗಿರಾಕಿಗಳ ಮನೆಯಲ್ಲಿ ಒಬ್ಬ ಚಿಕ್ಕಪ್ಪನನ್ನು ಹಿಡಿದು ಕೂರಿಸುತ್ತಿದ್ದರು. ಎಐ ಕಡತದ ಪ್ರೋಗ್ರಾಂ ಓಡದಿದ್ದರೆ ಹುಡುಗ ಪುಸ್ತಿಕೆ ತೆರೆದು ಮತ್ತೆ ನಕಲು ಮಾಡುತ್ತಿದ್ದ, ಅಷ್ಟೇ.

ಯಂತ್ರದ ಮಾತು: 402ಕ್ಕೆ ಅಂಗಡಿಯ 4 ಜಿಬಿ ರ್‍ಯಾಮಿನ ಹಳೆಯ ಕಂಪ್ಯೂಟರ್ ಸಾಕಾಯಿತು. 417ಕ್ಕೆ ಪೈಥಾನ್ ನೋಟ್‌ಬುಕ್ ತೆರೆದು, ಬ್ರೌಸರನ್ನೂ ತೆರೆದರೆ ಅದೇ ಕಂಪ್ಯೂಟರ್ ಏದುಸಿರು ಬಿಡುತ್ತಿತ್ತು. ತಮ್ಮ ಕೊನೆಗೆ ಕಂತಿನಲ್ಲಿ ಲ್ಯಾಪ್‌ಟಾಪ್ ಕೊಂಡ.

ಅಂಕದಲ್ಲಿ ವ್ಯತ್ಯಾಸವಿಲ್ಲ. ಎರಡಕ್ಕೂ ಐವತ್ತು ಲಿಖಿತ, ಐವತ್ತು ಪ್ರಾಯೋಗಿಕ. ಲಿಖಿತದಲ್ಲಿ ಹತ್ತು ಅಂಕ ಸಂವಹನ, ಸ್ವಯಂ ನಿರ್ವಹಣೆ, ಹಸಿರು ಕೌಶಲ ಎಂಬ ಸಾಮಾನ್ಯ ಭಾಗಕ್ಕೆ. ಗಣಿತ, ವಿಜ್ಞಾನ, ಸಮಾಜ ಈ ಮೂರರಲ್ಲಿ ಒಂದು ಕೈಕೊಟ್ಟರೆ ಅದರ ಜಾಗಕ್ಕೆ ಪಾಸಾದ ಕೌಶಲ ವಿಷಯವನ್ನು ಎಣಿಸುವ ಸೌಲಭ್ಯವೂ ಎರಡಕ್ಕೂ ಒಂದೇ.

"ಎಐ ತೆಗೆದುಕೊಂಡರೆ ಮುಂದೆ ಕಂಪ್ಯೂಟರ್ ಸೈನ್ಸ್ ಸುಲಭವಾಗಿ ಸಿಗುತ್ತದೆ" ಎಂಬ ಮಾತನ್ನು ಪೋಷಕರ ಸಭೆಯಲ್ಲಿ ಕೇಳಿದ್ದೇನೆ. ನಮ್ಮ ಪಿಯುಸಿಯಲ್ಲಿ ಗಣಕ ವಿಜ್ಞಾನ ಸೇರಲು ಹತ್ತರಲ್ಲಿ ಇದನ್ನೇ ಓದಿರಬೇಕೆಂಬ ಷರತ್ತಿಲ್ಲ. ಆ ಆಸೆಗೆ ಯಾರೂ ಹೆಚ್ಚುವರಿ ಹಣ ಕಟ್ಟಬೇಕಾಗಿಲ್ಲ.

ವಿನ್ಯಾಸದ ಒಲವಿರುವ ಮಕ್ಕಳಿಗೆ 422 ಇದೆ, ಡಿಸೈನ್ ಥಿಂಕಿಂಗ್. ಬಳಸುವವರ ಕಷ್ಟವನ್ನು ಮೊದಲು ಅರಿತು, ಸಮಸ್ಯೆ ಗೊತ್ತುಮಾಡಿ, ಮಾದರಿ ಮಾಡಿ, ಅವರ ಕೈಗೇ ಕೊಟ್ಟು ಪರೀಕ್ಷಿಸುವ ಪಾಠ. ಮಗಳಿಗೆ ಅದೇ ಬೇಕಿತ್ತು, ಅವಳ ಶಾಲೆಯಲ್ಲಿ ಇರಲಿಲ್ಲ. ಪಕ್ಕದ ಬೀದಿಯ ಹುಡುಗಿಯೊಬ್ಬಳು ಅದನ್ನು ಓದುತ್ತಿದ್ದಾಳೆ. ನಮ್ಮ ಅಂಗಡಿಗೆ ಅವಳು ತರುವುದು ಬರೀ ಬಣ್ಣದ ಚಾರ್ಟು. ರಟ್ಟು ಕತ್ತರಿಸಿ ಒಂದು ಪೆಟ್ಟಿಗೆಯನ್ನಾದರೂ ಮಾಡಿದ್ದನ್ನು ನಾನು ಕಂಡಿಲ್ಲ.

ತಂಗಿಯ ಮಗಳದ್ದು ಬೇರೆಯೇ ಲೋಕ. ತಿ. ನರಸೀಪುರದ ಕಡೆ ರಾಜ್ಯ ಪಠ್ಯಕ್ರಮದ ಸರ್ಕಾರಿ ಪ್ರೌಢಶಾಲೆ. ಅಲ್ಲಿ ಮೂರನೇ ಭಾಷೆಯ ಬದಲು ಎನ್‌ಎಸ್‌ಕ್ಯೂಎಫ್ ಎಂಬ ಚೌಕಟ್ಟಿನ ವೃತ್ತಿ ವಿಷಯ ತೆಗೆದುಕೊಳ್ಳಬಹುದು. ಎಸ್‌ಎಸ್‌ಎಲ್‌ಸಿಯಲ್ಲಿ ಉಳಿದವರು ಹಿಂದಿ ಬರೆಯುವ ದಿನವೇ ಇವರದ್ದೂ ಪರೀಕ್ಷೆ. ಅವಳು ಆಟೊಮೊಬೈಲ್ ಆರಿಸಿಕೊಂಡಳು. ಹಬ್ಬಕ್ಕೆ ಬಂದಾಗ ನನ್ನ ಸ್ಕೂಟರ್ ಎರಡು ಒದೆತಕ್ಕೂ ಹೊತ್ತಿಕೊಳ್ಳದಿದ್ದುದನ್ನು ನೋಡಿ, "ಮಾವ, ಸ್ಪಾರ್ಕ್ ಪ್ಲಗ್ ಬಿಚ್ಚಿ ತೋರಿಸಿ" ಎಂದಳು. ಮಸಿ ಕಟ್ಟಿತ್ತು. ಈ ಆಯ್ಕೆ ಎಲ್ಲ ಸರ್ಕಾರಿ ಶಾಲೆಗಳಲ್ಲೂ ಇಲ್ಲ, ಆಯ್ದ ಕೆಲವದರಲ್ಲಿ ಮಾತ್ರ. ಹತ್ತಿರದಲ್ಲಿದ್ದರೆ ಅದು 402ಕ್ಕಿಂತ ಮೇಲು ಎಂದು ಹೇಳಲು ನನಗೆ ಸಂಕೋಚವಿಲ್ಲ.

ಹೀಗಾಗಿ ನನ್ನ ಲೆಕ್ಕ ಇಷ್ಟು. ಮನೆಯಲ್ಲಿ ಹಳೆಯ ಕಂಪ್ಯೂಟರ್, ಕೈಯಲ್ಲಿ ಬಿಗಿ ಹಣ, ಮಗು ಏನನ್ನಾದರೂ ಮಾಡಿ ಮುಗಿಸಿದರೆ ಖುಷಿಪಡುವ ಸ್ವಭಾವದ್ದು ಎಂದಾದರೆ 402. ಮಗುವಿಗೆ ಗಣಿತದ ಹುಚ್ಚಿದ್ದು, ಶಾಲೆಯಲ್ಲಿ ಪ್ರತಿದಿನ ಸಿಗುವ ಎಐ ಶಿಕ್ಷಕರಿದ್ದರೆ 417. ಅರ್ಜಿಗೆ ಸಹಿ ಹಾಕುವ ಮೊದಲು ಹಿಂದಿನ ವರ್ಷದ ಎರಡು ಮಕ್ಕಳ ಪ್ರಾಯೋಗಿಕ ಪುಸ್ತಕ ಕೇಳಿ ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಒಂದೇ ಆಗಿದ್ದರೆ ಉತ್ತರ ಸಿಕ್ಕಿತು. ಒಂಬತ್ತರಲ್ಲಿ ತೆಗೆದುಕೊಂಡದ್ದನ್ನೇ ಹತ್ತರಲ್ಲೂ ಮುಂದುವರಿಸಬೇಕಾಗುತ್ತದೆ, ಆಮೇಲೆ ಬದಲಿಸುತ್ತೇನೆಂದು ಓಡಾಡಬೇಡಿ.

ತಮ್ಮನ ಎರಡನೆಯ ಮಗಳು ಈ ವರ್ಷ ಎಂಟರಲ್ಲಿದ್ದಾಳೆ. ಇದನ್ನೆಲ್ಲ ಅವನಿಗೆ ಹೇಳಿದೆ. "ಲ್ಯಾಪ್‌ಟಾಪ್ ಹೇಗೂ ಇದೆಯಲ್ಲ ಅಣ್ಣ, ಎಐಗೇ ಹಾಕುತ್ತೇನೆ" ಎಂದ.