ಶೇಂಗಾ ಹಾಕಿಲ್ಲ ಅಂದಳು, ನಂಬಿ ಮಗನಿಗೆ ಕೊಟ್ಟೆ. ಸಂಕ್ರಾಂತಿ ಆರ್ಡರ್ ಕೊಡೋ ಮೊದಲು ಓದಿ

ಇವತ್ತು ಮುಂಜಾನೆ ಓಣಿಯ ಅಕ್ಕನ ಫೋನಿನಲ್ಲಿ ಹೋಳಿಗೆ ಮಾಡಿ ಮಾರುವ ಆ ಹೆಂಗಸಿನ ಸ್ಟೇಟಸ್ ನೋಡಿದೆ. ‘ಭೋಗಿ, ಸಂಕ್ರಾಂತಿ ಆರ್ಡರ್ ಚಾಲೂ. ಶೇಂಗಾ ನಡೆಯದ ಮಕ್ಕಳಿಗೆ ಬೇರೆ ಹೋಳಿಗೆ ಮಾಡಿ ಕೊಡಲಾಗುವುದು’ ಅಂತ ಹಾಕಿದ್ದಾಳೆ. ನನ್ನನ್ನು ಬ್ಲಾಕ್ ಮಾಡಿದ್ದಾಳೆ, ಹಾಗಾಗಿ ನನಗೆ ಕಾಣುವುದಿಲ್ಲ. ಓದಿ ಕೈಕಾಲು ನಡುಗಿದವು. ವಿಜಯಪುರದಲ್ಲಿ ಶೇಂಗಾ ಅಲರ್ಜಿ ಇರುವ ಮಕ್ಕಳ ತಂದೆತಾಯಿ ಯಾರಿದ್ದೀರೋ ದಯವಿಟ್ಟು ಇದನ್ನು ಪೂರ್ತಿ ಓದಿ. ಆಕೆಯ ಹೆಸರು ಬರೆಯಬೇಡ ಅಂತ ಮನೆಯವರು ಹೇಳಿದ್ದಾರೆ, ಬರೆಯುವುದಿಲ್ಲ.

ನನ್ನ ಮಗನಿಗೆ ಆರು ವರ್ಷ. ಎರಡು ವರ್ಷದವನಿದ್ದಾಗಲೇ ಶೇಂಗಾ ಅಲರ್ಜಿ ಅಂತ ಗೊತ್ತಾಯಿತು. ನಮ್ಮ ಕಡೆ ಶೇಂಗಾ ಇಲ್ಲದ ಅಡಿಗೆ ಯಾವುದಿದೆ ಹೇಳ್ರಿ? ಎಣಗಾಯಿಗೆ ಶೇಂಗಾ ಪುಡಿ, ರೊಟ್ಟಿ ಜೊತೆ ಶೇಂಗಾ ಹಿಂಡಿ, ಅವಲಕ್ಕಿಗೆ ಶೇಂಗಾ, ಚಳಿಗಾಲ ಬಂತೆಂದರೆ ಶೇಂಗಾ ಹೋಳಿಗೆ. ನಾಲ್ಕು ವರ್ಷದಿಂದ ನನ್ನ ಮನೆಯೊಳಗೆ ಒಂದು ಕಾಳು ಬಂದಿಲ್ಲ. ಎಣಗಾಯಿಗೆ ಗುರೆಳ್ಳು, ಪುಠಾಣಿ ಹುರಿದು ಪುಡಿ ಮಾಡಿ ತುಂಬುತ್ತೇನೆ. ಎಣ್ಣೆ ಕುಸುಬಿಯದು. ಎಳ್ಳು, ಪುಠಾಣಿ ಅವನಿಗೆ ನಡೆಯುತ್ತವೆ ಅಂತ ಪರೀಕ್ಷೆ ಮಾಡಿಸಿಯೇ ಕೊಡುತ್ತೇನೆ. ಎಲ್ಲ ಮಕ್ಕಳಿಗೂ ನಡೆಯಬೇಕೆಂದಿಲ್ಲ, ಎಳ್ಳಿನ ಅಲರ್ಜಿಯೂ ಇರುತ್ತದೆ.

ಈ ಸಲ ಎಳ್ಳ ಅಮಾವಾಸ್ಯೆಗೆ ಹತ್ತು ದಿನ ಇರುವಾಗ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡೆ. ಪ್ಲಾಸ್ಟರ್ ಹಾಕಿದ್ದರು. ಹೊಲಕ್ಕೆ ಹೋಗಿ ಚರಗ, ಅಂದರೆ ಭೂತಾಯಿಗೆ ನೈವೇದ್ಯ, ಚೆಲ್ಲುವ ಹಬ್ಬ, ಮಂದಿ ಬರುತ್ತಾರೆ, ಬುತ್ತಿ ಆಗಲೇಬೇಕು. ಆಗ ಮನೆಯಲ್ಲಿ ರೊಟ್ಟಿ, ಹೋಳಿಗೆ ಮಾಡಿ ಮಾರುವ ಈ ಹೆಂಗಸಿನ ನಂಬರ್ ಸಿಕ್ಕಿತು. 40 ಸಜ್ಜಿ ರೊಟ್ಟಿ, 30 ಎಳ್ಳ ಹೋಳಿಗೆ ಹೇಳಿದೆ. ನಾನೇ ಅವರ ಮನೆಗೆ ಹೋದೆ. ಒಂದು ಕಿಲೋ ಎಳ್ಳು, ಒಂದು ಕಿಲೋ ಬೆಲ್ಲ, ಕುಸುಬಿ ಎಣ್ಣೆ, ಕೊನೆಗೆ ನಮ್ಮ ಮಿಕ್ಸರ್ ಜಾರನ್ನೂ ಕೊಟ್ಟು ಬಂದೆ. ಅವರ ಜಾರಿನಲ್ಲಿ ಶೇಂಗಾ ಪುಡಿ ಅಂಟಿರುತ್ತದೆ, ಅದಕ್ಕೆ. ಮೂರು ಸಲ ಹೇಳಿದೆ. ಬರುವಾಗ ಬಾಗಿಲಲ್ಲಿ ನಿಂತು ಮತ್ತೊಮ್ಮೆ ಹೇಳಿದೆ, ‘ಅಕ್ಕಾ, ಒಂದು ಚೂರು ಹೋದ್ರೂ ಹುಡುಗನ ಜೀವಕ್ಕ ಬರ್ತದ್ರಿ.’

‘ಯಾಕ ಕಾಳಜಿ ಮಾಡ್ತಿ ತಂಗೀ, ನನ್ನ ಮೊಮ್ಮಗ ಇದ್ದಂಗ ಅವಾ’ ಅಂದಳು. ಬೇರೆ ಹಂಚು, ಬೇರೆ ಪರಾತ ಬಳಸಬೇಕಲ್ಲ ಅಂತ ಹೋಳಿಗೆಗೆ ಐದು ರೂಪಾಯಿ ಹೆಚ್ಚು ಕೇಳಿದಳು. ಖುಷಿಯಿಂದ ಕೊಟ್ಟೆ.

ಬಬಲೇಶ್ವರದ ಕಡೆ ನಮ್ಮ ಹೊಲ. ಬನ್ನಿಗಿಡದ ಬುಡದಲ್ಲಿ ಪಾಂಡವರ ಪೂಜೆ ಆಯಿತು, ಜೋಳದ ಹೊಲದ ಸುತ್ತ ಚರಗ ಚೆಲ್ಲಿ ಬಂದು ಎಲ್ಲರೂ ಊಟಕ್ಕೆ ಕುಳಿತೆವು. ಹೊರಗಿನದು ಏನೇ ಇರಲಿ, ಮುರಿದು ನೋಡದೆ ಮಗನಿಗೆ ಕೊಟ್ಟವಳಲ್ಲ ನಾನು. ಅವತ್ತು ಮಾತ್ರ ನೋಡಲಿಲ್ಲ. ಒಂದೇ ಕೈಯಲ್ಲಿ ಬಡಿಸುತ್ತಿದ್ದೆ, ಮೇಲೆ ಆ ‘ಮೊಮ್ಮಗ ಇದ್ದಂಗ’ ಅನ್ನುವ ಮಾತು ತಲೆಯಲ್ಲಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಅರ್ಧ ಹೋಳಿಗೆ ತಿಂದ. ‘ಅವ್ವಾ, ನಾಲಗಿ ಚುರುಚುರು ಅಂತೈತಿ’ ಅಂದ.

ಅವನ ಕೈಯಲ್ಲಿದ್ದ ತುಂಡು ಕಸಿದುಕೊಂಡು ಬಿಡಿಸಿ ನೋಡಿದೆ. ಬೂದು ಬಣ್ಣದ ಎಳ್ಳಿನ ಹೂರಣದೊಳಗೆ ತೆಳ್ಳಗೆ, ಕೆಂಪಗೆ, ಕಿರುಬೆರಳಿನ ಉಗುರಿನಷ್ಟು ಒಂದು ಸಿಪ್ಪೆ ಅಂಟಿಕೊಂಡಿತ್ತು. ಹುರಿದ ಶೇಂಗಾದ ಸಿಪ್ಪೆ. ತಿಕ್ಕಿ ನೋಡಿದರೆ ಪಕ್ಕದಲ್ಲೇ ಅರ್ಧ ಪುಡಿಯಾದ ಕಾಳು. ನಾನು ಕೊಟ್ಟ ಎಳ್ಳು, ನಾನು ಕೊಟ್ಟ ಬೆಲ್ಲ, ನನ್ನದೇ ಜಾರು, ಅದರೊಳಗೆ ಶೇಂಗಾ. ಆ ಕ್ಷಣ ಕಣ್ಣಿಗೆ ಕಟ್ಟಿದಂತಿದೆ, ಇನ್ನೂ ಹೋಗುತ್ತಿಲ್ಲ.

ಐದು ನಿಮಿಷದಲ್ಲಿ ತುಟಿ ಉಬ್ಬಿತು. ಕುತ್ತಿಗೆಯಿಂದ ಹೊಟ್ಟೆಯವರೆಗೆ ಗಂಧೆ ಎದ್ದವು. ವಾಂತಿ ಮಾಡಿದ, ಕೆಮ್ಮು ಶುರುವಾಯಿತು, ಉಸಿರು ಸುಂಯ್ ಸುಂಯ್ ಅನ್ನತೊಡಗಿತು. ಡಾಕ್ಟರು ಬರೆದುಕೊಟ್ಟ ಅಡ್ರಿನಲಿನ್ ಇಂಜೆಕ್ಷನ್ ಚೀಲದಲ್ಲೇ ಇತ್ತು. ನನ್ನ ಕೈ ಪ್ಲಾಸ್ಟರಿನಲ್ಲಿ. ಮನೆಯವರೇ ನಡುಗುತ್ತ ಸಿರಿಂಜಿಗೆ ತುಂಬಿ, ಡಾಕ್ಟರು ಕಲಿಸಿದಂತೆ ತೊಡೆಯ ಹೊರಬದಿಗೆ ಕೊಟ್ಟರು. ಮಜ್ಜಿಗೆ ಕುಡಿಸ್ರಿ, ಅರಿಶಿನ ನೀರು ಕುಡಿಸ್ರಿ ಅಂತ ಸುತ್ತ ನಿಂತವರು ಹೇಳುತ್ತಲೇ ಇದ್ದರು. ನಾವು ಕಾರು ಹತ್ತಿದೆವು. ಊರು ಮುಟ್ಟುವುದರೊಳಗೆ ಉಸಿರು ತಿಳಿಯಾಯಿತು. ಆದರೂ ರಾತ್ರಿ ಆಸ್ಪತ್ರೆಯಲ್ಲೇ ಇಟ್ಟುಕೊಂಡರು, ಕೆಲವು ತಾಸಿನ ಮೇಲೆ ಮತ್ತೆ ತಿರುಗಿ ಬರಬಹುದಂತೆ. ಬರೀ ಅಲರ್ಜಿ ಗುಳಿಗೆ ನಂಬಿ ಕೂತಿದ್ದರೆ ಆಗುತ್ತಿರಲಿಲ್ಲ, ಗುಳಿಗೆ ತುರಿಕೆ ಇಳಿಸುತ್ತದೆ, ಕಟ್ಟಿದ ಉಸಿರನ್ನು ಬಿಡಿಸುವುದಿಲ್ಲ ಅಂದರು ಡಾಕ್ಟರು.

ಆಸ್ಪತ್ರೆಯಿಂದಲೇ ಆಕೆಗೆ ಫೋನ್ ಮಾಡಿದೆ.

ಮೊದಲು, ‘ನಾವು ಶೇಂಗಾ ಮುಟ್ಟೇ ಇಲ್ರೀ.’ ಫೋಟೋ ಕಳಿಸಿದೆ. ‘ಅದು ಎಳ್ಳಿನ ಸಿಪ್ಪಿ.’ ಉಗುರಿನಷ್ಟು ದೊಡ್ಡ ಎಳ್ಳಿನ ಸಿಪ್ಪೆ ನೀವು ಯಾರಾದರೂ ನೋಡಿದ್ದೀರಾ? ಎರಡನೇ ಸಲ ಮಾಡಿದಾಗ, ‘ನೀವು ಕೊಟ್ಟ ಎಳ್ಳು ಸಾಲಲಿಲ್ಲ. ಬರೇ ಎಳ್ಳು ಆದ್ರ ಕಹಿ ಬರ್ತದ, ರುಚಿಗೆ ಒಂದು ಬಟ್ಟಲ ಶೇಂಗಾ ಪುಡಿ ಕೂಡಿಸೀನಿ. ಅಷ್ಟಕ್ಕ ಏನಾಗ್ತದ?’

ಸಾಲಲಿಲ್ಲವಂತೆ! ಎಳ್ಳು ಬೆಲ್ಲ ಸೇರಿ ಎರಡು ಕಿಲೋ. ಒಂದು ಹೋಳಿಗೆಗೆ 40 ಗ್ರಾಂ ಹೂರಣ ಹಿಡಿದರೂ 30 ಹೋಳಿಗೆಗೆ 1200 ಗ್ರಾಂ. ಉಳಿದ ಎಳ್ಳು ಎಲ್ಲಿ ಹೋಯಿತು? ಎಳ್ಳಿನ ರೇಟು ಎಷ್ಟು, ಶೇಂಗಾದ ರೇಟು ಎಷ್ಟು ಅಂತ ನಿಮಗೂ ಗೊತ್ತು. ನನ್ನ ಎಳ್ಳು ತೆಗೆದಿಟ್ಟುಕೊಂಡು ಶೇಂಗಾ ತುಂಬಿದ್ದಾಳೆ, ಮೇಲೆ ಐದೈದು ರೂಪಾಯಿ ಹೆಚ್ಚು ತೆಗೆದುಕೊಂಡಿದ್ದಾಳೆ.

ಕೊನೆಯ ಸಲ ಆಕೆ ಅಂದದ್ದು: ‘ನಮ್ಮ ಮಕ್ಕಳು ಶೇಂಗಾ ತಿಂದಽ ಗಟ್ಟಿ ಆಗ್ಯಾವ. ನೀವು ತಿನಿಸದಽ ಹುಡುಗನ್ನ ನಾಜೂಕ ಮಾಡೀರಿ.’ ಹುಡುಗ ಹೆಂಗಿದ್ದಾನೆ ಅಂತ ಒಂದು ಮಾತು ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ 150 ರೂಪಾಯಿ ಫೋನ್‌ಪೇ ಮಾಡಿ, ‘ಹೆಚ್ಚಿಗಿ ತಗೊಂಡಿದ್ದು ವಾಪಸ್, ವಿಷಯ ಮುಗೀತು’ ಅಂತ ಬರೆದು ಬ್ಲಾಕ್ ಮಾಡಿದಳು. ಈಗ ಓಣಿಯಲ್ಲಿ ನಾನೇ ಹಬ್ಬದ ಹೊತ್ತಿನಲ್ಲಿ ಆಕೆಯ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದೇನೆ ಅಂತ ಹೇಳಿಕೊಂಡು ತಿರುಗುತ್ತಿದ್ದಾಳಂತೆ.

ನನಗೆ ಎಲ್ಲಕ್ಕಿಂತ ಚುಚ್ಚುತ್ತಿರುವುದು ಬೇರೆ. ಮಗನ ಶಾಲೆಯಲ್ಲಿ ಇನ್ನೊಂದು ಹುಡುಗಿಗೆ ಇದೇ ಅಲರ್ಜಿ. ಅವಳ ತಾಯಿಗೆ ಈ ನಂಬರ್ ಕೊಟ್ಟವಳು ನಾನೇ. ‘ಭಾಳ ಚಲೋ ಹೆಂಗಸು, ಬೇರೆ ಹಂಚು ಇಡ್ತಾರ’ ಅಂತ ಹೊಗಳಿ ಕೊಟ್ಟಿದ್ದೆ. ಆಕೆ ಸಂಕ್ರಾಂತಿಗೆ ಆರ್ಡರ್ ಹೇಳಿದ್ದಳು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ರಾತ್ರಿ ಹತ್ತೂವರೆಗೆ ಫೋನ್ ಮಾಡಿ ಬಿಡಿಸಿದೆ.

ಆದ್ದರಿಂದ ಕೇಳಿ. ಬಾಯಿಮಾತನ್ನು ನಂಬಬೇಡಿ, ಅದರಲ್ಲೂ ‘ನಮ್ಮ ಮೊಮ್ಮಗ ಇದ್ದಂಗ’ ಅನ್ನುವವರನ್ನು. ಪ್ಯಾಕೆಟ್ ಮೇಲಾದರೆ ಶೇಂಗಾ ಇದ್ದರೆ ಬರೆಯಲೇಬೇಕು, 2020ರ ಲೇಬಲ್ ನಿಯಮದಲ್ಲೇ ಇದೆ. ಎಳ್ಳು ಆ ನಿಯಮದ ಅಲರ್ಜಿ ಪಟ್ಟಿಯಲ್ಲಿಲ್ಲ, ಎಳ್ಳು ನಡೆಯದವರು ಪದಾರ್ಥಗಳ ಪಟ್ಟಿಯನ್ನೇ ಓದಬೇಕು. ಸ್ಟೀಲ್ ಡಬ್ಬಿಯಲ್ಲಿ ಬರುವ ಹೋಳಿಗೆಗೆ ಯಾವ ಲೇಬಲ್? ಮನೆಯಲ್ಲಿ ಮಾಡಿ ಮಾರುವವರಿಗೂ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕು, 14 ಅಂಕಿಯ ನಂಬರ್ ಇರುತ್ತದೆ, ಕೇಳಿ. ನಾನು ಕೇಳಿರಲಿಲ್ಲ. ಹುರಿದರೆ, ಬೇಯಿಸಿದರೆ ಶೇಂಗಾದ ಅಲರ್ಜಿ ಹೋಗುವುದಿಲ್ಲ. ಗಾಣದ ಶೇಂಗಾ ಎಣ್ಣೆಯಲ್ಲೂ ಅದರ ಅಂಶ ಇರುತ್ತದೆ. ಇನ್ನು ಸಂಕ್ರಾಂತಿಯ ದಿನ ಮನೆಮನೆಯಲ್ಲೂ ಮಕ್ಕಳ ಕೈಗೆ ಎಳ್ಳು ಬೆಲ್ಲ ಹಾಕುತ್ತಾರೆ, ಅದರಲ್ಲಿ ಶೇಂಗಾ ಬೇಳೆ ಇದ್ದೇ ಇರುತ್ತದೆ. ಭೋಗಿಯ ಪಲ್ಯಕ್ಕೆ ಹಸಿ ಶೇಂಗಾ ಹಾಕುತ್ತಾರೆ. ಸಿದ್ಧೇಶ್ವರ ಜಾತ್ರೆಗೆ ಹೋಗುವವರು ಇಂಜೆಕ್ಷನ್ ಜೇಬಿನಲ್ಲೇ ಇಟ್ಟುಕೊಳ್ಳಿ, ಗಾಡಿಯ ಡಿಕ್ಕಿಯಲ್ಲಿ ಬಿಟ್ಟು ಹೋಗಬೇಡಿ.

ನನ್ನ ಪ್ಲಾಸ್ಟರ್ ಇನ್ನೂ ಬಿಚ್ಚಿಲ್ಲ. ಈ ಸಲ ಮನೆಯವರೇ ಕಣಕ ನಾದುತ್ತಾರೆ, ಹೋಳಿಗೆ ದಪ್ಪಾದರೂ ಪರವಾಗಿಲ್ಲ. ಶೇಂಗಾ ಇಲ್ಲದ ಹೋಳಿಗೆ ಅಂತ ಯಾರಾದರೂ ನಿಮಗೆ ನಂಬರ್ ಕೊಟ್ಟಿದ್ದರೆ ನನಗೆ ಮೆಸೇಜ್ ಮಾಡಿ, ಅದು ಇದೇ ಹೆಂಗಸಾ ಅಲ್ಲವಾ ಹೇಳುತ್ತೇನೆ. ನಾನು ಸುಳ್ಳು ಹೇಳುತ್ತಿದ್ದೇನೆ ಅನ್ನುವವರೂ ಬನ್ನಿ. ಮಗ ಅರ್ಧ ತಿಂದು ಬಿಟ್ಟ ಹೋಳಿಗೆಯನ್ನು ಕವರಿನಲ್ಲಿ ಕಟ್ಟಿ ಫ್ರೀಜರಿನಲ್ಲಿ ಇಟ್ಟಿದ್ದೇನೆ. ಸಿಪ್ಪೆ ಇನ್ನೂ ಅದರಲ್ಲೇ ಇದೆ.