ಪ್ಲೇಜಿಯರಿಸಂ (ಕೃತಿಚೌರ್ಯ) ಇದೆ ಅಂತ ಹೆದರಿಸಿ ದುಡ್ಡು ಕೀಳುವ ಸಂಶೋಧನಾ ಜರ್ನಲ್‌ಗಳಿವೆ, ಹುಷಾರು

ಮೈಸೂರು, ಮಂಡ್ಯ ಕಡೆ ಪಿಎಚ್‌ಡಿ ಮಾಡುತ್ತಿರುವವರು ದಯವಿಟ್ಟು ಇದನ್ನು ಓದಿ. ಜರ್ನಲ್ ಹೆಸರು ಹಾಕುತ್ತಿಲ್ಲ. ಆದರೆ ಅವರ ವರಸೆ ಗೊತ್ತಿರಲಿ.

ನನ್ನ ಪೇಪರ್ ಮಂಡ್ಯದ ಆಲೆಮನೆ ಕೂಲಿಗಳ ಬಗ್ಗೆ. ಊರೂರು ಸುತ್ತಿ, ಒಲೆ ಪಕ್ಕ ಕೂತು, ಅವರನ್ನು ಮಾತಾಡಿಸಿ ಬರೆದದ್ದು. ಕಳಿಸುವ ಮೊದಲೇ ಯೂನಿವರ್ಸಿಟಿ ಲೈಬ್ರರಿಯಲ್ಲಿ ಚೆಕ್ ಮಾಡಿಸಿದ್ದೆ. ಸಿಮಿಲಾರಿಟಿ, ಅಂದರೆ ಬೇರೆ ಬರಹಗಳ ಜೊತೆ ಪದಗಳು ಹೊಂದುವ ಪ್ರಮಾಣ, ಶೇ 7 ಬಂದಿತ್ತು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದ ಪ್ರಕಾರ ಶೇ 10ರವರೆಗೆ ಯಾವ ಕ್ರಮವೂ ಇಲ್ಲ.

ಈ ಜರ್ನಲ್‌ನವರು ವಾಟ್ಸ್ಯಾಪ್‌ನಲ್ಲಿ, 'ಶೇ 41 ಪ್ಲೇಜಿಯರಿಸಂ ಇದೆ ಮೇಡಂ' ಅಂದರು. ಕೈಕಾಲೇ ಆಡಲಿಲ್ಲ. ರಿಪೋರ್ಟ್ ಕಳಿಸಿ ಅಂದೆ. 'ರಿಪೋರ್ಟ್ ಕೊಡೋದಿಲ್ಲ, ಕಾನ್ಫಿಡೆನ್ಷಿಯಲ್.' ಯಾವ ಸಾಲು, ಯಾರ ಪೇಪರಿನದು, ಅದಾದರೂ ಹೇಳಿ ಅಂದೆ. 'ಹೀಗೆ ವಾದ ಮಾಡಿದರೆ ನಿಮ್ಮ ಯೂನಿವರ್ಸಿಟಿಗೆ ಬರೆಯಬೇಕಾಗುತ್ತೆ.' ಅದಾದ ಮೇಲೆ ದನಿ ಮೆತ್ತಗಾಯಿತು. 'ನಮ್ಮ ಟೀಮ್ ಕಡಿಮೆ ಮಾಡಿಕೊಡುತ್ತೆ. 4,500 ರೂಪಾಯಿ.' ಥೀಸಿಸ್ ಕೊಡುವ ಗಡುವು ಹತ್ತಿರವಿತ್ತು. ಯುಪಿಐ ಮಾಡಿದೆ.

ಏನು ಮಾಡಿದ್ದಾರೆ ಅಂತ ಗೊತ್ತಾದದ್ದು ಪೇಪರ್ ಪ್ರಕಟವಾದ ಮೇಲೆ. 'ಶುಗರ್‌ಕೇನ್' ಇದ್ದಲ್ಲೆಲ್ಲ 'ಸ್ವೀಟ್ ಸ್ಟಿಕ್'! 'ಡೈಲಿ ವೇಜ್' ಇದ್ದದ್ದು 'ಎವ್ರಿಡೇ ಪ್ರೈಸ್'. ಯಾವುದೋ ಸಾಫ್ಟ್‌ವೇರಿಗೆ ಹಾಕಿ ಪದಗಳನ್ನು ತಿರುಚಿದ್ದಾರೆ, ಅಷ್ಟೇ. ಕೂಲಿ ಹೆಂಗಸೊಬ್ಬರ ಮಾತನ್ನು ಕೊಟೇಶನ್ನಿನಲ್ಲಿ ಹಾಕಿದ್ದೆ, ಅದನ್ನೂ ಬಿಟ್ಟಿಲ್ಲ. ಆಕೆ ಆಡದ ಮಾತು ಈಗ ಆಕೆಯ ಬಾಯಲ್ಲಿದೆ. ಅದು ನನ್ನ ಹೆಸರಲ್ಲಿದೆ. ಗೈಡ್ ಓದಿ 'ಇದೇನಮ್ಮಾ ಇದು?' ಅಂದರು. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು.

ಸರಿಯಾದ ಜರ್ನಲ್ ಹೀಗೆ ಮಾಡೋದೇ ಇಲ್ಲ. ಸಾಫ್ಟ್‌ವೇರ್ ತೋರಿಸೋದು ಎಲ್ಲೆಲ್ಲಿ ಪದ ಹೊಂದುತ್ತೆ ಅನ್ನೋದನ್ನು ಮಾತ್ರ. ಅದು ಕದ್ದದ್ದಾ, ಅಲ್ವಾ ಅಂತ ಎಡಿಟರ್ ಕೂತು ನೋಡಬೇಕು. ರೆಫರೆನ್ಸ್ ಪಟ್ಟಿ, ಮೂಲ ಹೇಳಿ ಹಾಕಿದ ಕೊಟೇಶನ್ ಇವನ್ನು ಯುಜಿಸಿ ನಿಯಮವೇ ಲೆಕ್ಕದಿಂದ ಬಿಡುತ್ತೆ. ಅನುಮಾನ ಬಂದರೆ ಆ ಭಾಗಗಳನ್ನು ತೋರಿಸಿ ಲೇಖಕರ ವಿವರಣೆ ಕೇಳಬೇಕು. ಪ್ರಕಾಶನ ನೀತಿಯ 'ಕೋಪ್' ಸಂಸ್ಥೆ ಎಡಿಟರ್‌ಗಳಿಗೆ ಹೇಳೋದೂ ಇದನ್ನೇ. ಉತ್ತರ ಸರಿ ಇಲ್ಲದಿದ್ದರೆ ಪೇಪರ್ ತಿರಸ್ಕರಿಸಲಿ, ಯೂನಿವರ್ಸಿಟಿಗೂ ಬರೆಯಲಿ. ದುಡ್ಡು ಇಸಕೊಂಡು ಪರ್ಸೆಂಟ್ ಇಳಿಸೋದು ಯಾವ ನಿಯಮ?

ಪೇಪರ್ ತೆಗೀರಿ ಅಂದೆ. 'ವಿತ್‌ಡ್ರಾವಲ್ ಫೀ 6,000 ಮೇಡಂ.' ನನ್ನ ಪೇಪರ್ ತೆಗೆಯೋಕೆ ನಾನೇ ದುಡ್ಡು ಕೊಡಬೇಕಂತೆ! ಅದು ಅಲ್ಲಿರುವ ತನಕ ಬೇರೆ ಜರ್ನಲ್‌ಗೆ ಕಳಿಸೋ ಹಾಗೂ ಇಲ್ಲ. ಪ್ರಕಟವಾದದ್ದನ್ನೇ ಮತ್ತೆ ಕಳಿಸಿದರೆ ಆಗ ನಿಜವಾಗಿ ನನ್ನ ಮೇಲೆ ಕೇಸಾಗುತ್ತೆ.

ರಿಪೋರ್ಟ್ ಕೊಡದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. 'ಯುಜಿಸಿ ಕೇರ್ ಲಿಸ್ಟಿನಲ್ಲಿದ್ದೇವೆ' ಅಂದರೂ ನಂಬಬೇಡಿ, ಒಪ್ಪಿತ ಜರ್ನಲ್‌ಗಳ ಆ ಪಟ್ಟಿಯನ್ನು ಯುಜಿಸಿ 2025ರಲ್ಲೇ ಕೈಬಿಟ್ಟಿದೆ. ಮೆಸೇಜ್‌ಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ನಾನು ಎಲ್ಲವನ್ನೂ ಇಟ್ಟಿದ್ದೇನೆ, ಸೈಬರ್ ಸಹಾಯವಾಣಿ 1930ಕ್ಕೆ ದೂರನ್ನೂ ಕೊಟ್ಟಿದ್ದೇನೆ. ನಿಮಗೂ ಹೀಗೇ ಆಗಿದ್ದರೆ ನೀವೂ ಕೊಡಿ.