ಈ ಬೆಂಚಿಗೆ ಒರಗಿಕೊಳ್ಳಲು ಇದೆಯಾ? ಸ್ಟ್ರೀಟ್‌ಕಂಪ್ಲೀಟ್ ಜೊತೆ ಎರಡು ವರ್ಷ

ಫೋನು ಮೊದಲ ಸಲ ಈ ಪ್ರಶ್ನೆ ಕೇಳಿದಾಗ ಜೋರಾಗಿ ನಕ್ಕುಬಿಟ್ಟಿದ್ದೆ. ಮೈಸೂರಿನ ಸರಸ್ವತೀಪುರಂನಲ್ಲಿ, ಪಾರ್ಕಿನ ಮುಂದೆ ನಿಂತಿದ್ದೆ. ಎದುರಿಗೆ ನಮ್ಮೂರಿನ ಮಾಮೂಲಿ ಕಲ್ಲು ಬೆಂಚು. ಎರಡು ಕಾಲು, ಮೇಲೊಂದು ಚಪ್ಪಡಿ, ಅಂಚಿನಲ್ಲಿ ಯಾರದೋ ತಂದೆಯವರ ಸ್ಮರಣಾರ್ಥ ಎಂದು ಕೆತ್ತಿದ ಅಕ್ಷರ. ಇದಕ್ಕೆ ಒರಗು ಇದೆಯೋ ಇಲ್ಲವೋ ಎನ್ನುವುದು ಜಗತ್ತಿನಲ್ಲಿ ಯಾರಿಗೆ ಬೇಕಪ್ಪ ಅಂದುಕೊಂಡೆ. "ಇಲ್ಲ" ಒತ್ತಿದೆ. ಒಂದು ನಕ್ಷತ್ರ ಸಿಕ್ಕಿತು.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಜನರೇ ಬರೆಯುವ ನಕ್ಷೆಯನ್ನು 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಶುರು ಮಾಡಿದರು. ಯಾರು ಬೇಕಾದರೂ ತಿದ್ದಬಹುದು, ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. ಆದರೆ ತಿದ್ದೋಕೆ ಕೂತರೆ ಟ್ಯಾಗು ಗೀಗು ಎಂದು ಒಂದಿಷ್ಟು ಕಲಿಯಬೇಕು. ನನ್ನಂಥವರು ಅಲ್ಲೇ ಕೈಬಿಡುತ್ತಾರೆ. ಜರ್ಮನಿಯ ಟೋಬಿಯಾಸ್ ಜ್ವಿಕ್ ಆ ತಾಪತ್ರಯವನ್ನೆಲ್ಲ ಒಳಗೆ ಬಚ್ಚಿಟ್ಟು, ಹೊರಗೆ ಬರೀ ಪ್ರಶ್ನೆ ಇಟ್ಟರು. ಅದೇ ಸ್ಟ್ರೀಟ್‌ಕಂಪ್ಲೀಟ್ ಎಂಬ ಆಪ್. ಸುತ್ತಮುತ್ತಲ ನಕ್ಷೆಯಲ್ಲಿ ಗುಂಡುಸೂಜಿ ಚುಚ್ಚಿದ ಹಾಗೆ ಗುರುತು ಕಾಣುತ್ತವೆ. ಒಂದನ್ನು ಒತ್ತಿದರೆ ಒಂದು ಪ್ರಶ್ನೆ. ಈ ರಸ್ತೆ ಡಾಂಬರಿನದೋ ಕಾಂಕ್ರೀಟಿನದೋ? ರಾತ್ರಿ ದೀಪ ಇರುತ್ತದಾ? ಈ ಮೆಟ್ಟಿಲು ಎಷ್ಟು? ಬಸ್ ಸ್ಟಾಪಿಗೆ ಸೂರು ಇದೆಯಾ? ಉತ್ತರ ಹೇಳಿ ಮುಂದೆ ನಡೆಯುವುದು, ಅಷ್ಟೆ.

ನನ್ನ ಹೊತ್ತು ಸಂಜೆ ಐದೂಮುಕ್ಕಾಲು. ಕಾಫಿ ಮುಗಿದು, ಲೋಟ ಸಿಂಕಿಗೆ ಹಾಕಿ, ಚಪ್ಪಲಿ ಮೆಟ್ಟುತ್ತಲೇ ಆಪ್ ತೆರೆಯುತ್ತೇನೆ. ಮನೆಯ ವೈಫೈ ಸಿಗುವಾಗಲೇ ಆಸುಪಾಸಿನ ಪ್ರಶ್ನೆಗಳು ಇಳಿದುಬಿಡುತ್ತವೆ. ಆಮೇಲೆ ಮೊಬೈಲ್ ಡೇಟಾ ಆಫ್. ಉತ್ತರಗಳು ಫೋನಿನಲ್ಲೇ ಕೂತಿದ್ದು, ಮನೆಗೆ ಬಂದ ಮೇಲೆ ತಾವೇ ಹೋಗುತ್ತವೆ. ದಿನಕ್ಕೊಂದು ಕ್ರಾಸ್ ಅಂತ ಇಟ್ಟುಕೊಂಡಿದ್ದೇನೆ. ಹತ್ತೊಂಬತ್ತು ವರ್ಷ ಓಡಾಡಿದ ಬೀದಿಯಲ್ಲಿ ಒಂದು ಅಂಚೆ ಡಬ್ಬಿ ಇದೆ ಅಂತ ಗೊತ್ತಾಗಿದ್ದೇ ಈ ಆಪ್‌ನಿಂದ.

ಅಂಗಡಿಗಳ ವೇಳೆ ಕೇಳುವ ಪ್ರಶ್ನೆಯಲ್ಲಿ ಮಾತ್ರ ಸ್ವಲ್ಪ ಮಾನ ಹೋಗುತ್ತದೆ. ಒಂದು ದಿನಸಿ ಅಂಗಡಿ ಮುಂದೆ ಬೋರ್ಡು ನೋಡುತ್ತಾ, ಫೋನು ಒತ್ತುತ್ತಾ ನಿಂತಿದ್ದೆ. ಒಳಗಿಂದ ಯಜಮಾನರು ಬಂದರು.

"ಏನ್ ಸಾರ್, ಕಂದಾಯದವರಾ?"

"ಅಲ್ಲ ಸಾರ್, ಮ್ಯಾಪಿಗೆ ಹಾಕ್ತಿದ್ದೀನಿ. ಮಧ್ಯಾಹ್ನ ಎಷ್ಟು ಹೊತ್ತಿಗೆ ಮುಚ್ತೀರಾ?"

"ಯಾಕೆ?"

ಆ "ಯಾಕೆ"ಗೆ ಇವತ್ತಿಗೂ ನನ್ನ ಹತ್ತಿರ ಒಳ್ಳೆಯ ಉತ್ತರವಿಲ್ಲ. ಕೊನೆಗೆ ಅವರೇ ಒಂದೂವರೆಯಿಂದ ನಾಲ್ಕೂವರೆ ಎಂದರು. ಎರಡು ಪಾಳಿಯ ವೇಳೆಯನ್ನೂ ಆಪ್ ಬರೆದುಕೊಳ್ಳುತ್ತದೆ ಅನ್ನುವುದು ಸಮಾಧಾನ.

ಕೆಲವು ಪ್ರಶ್ನೆಗಳು ನಮ್ಮ ಬೀದಿಗೆ ತಮಾಷೆ ಮಾಡಿದ ಹಾಗಿರುತ್ತವೆ. ರಸ್ತೆ ದಾಟುವ ಜಾಗದಲ್ಲಿ ಕಣ್ಣು ಕಾಣದವರ ಕಾಲಿಗೆ ತಿಳಿಯುವಂಥ ಉಬ್ಬು ಕಲ್ಲು ಹಾಸಿದ್ದಾರಾ ಎಂದು ಕೇಳುತ್ತದೆ. ಜೀಬ್ರಾ ಪಟ್ಟೆಯ ಬಣ್ಣವೇ ಮಾಸಿಹೋದ ಕಡೆ ನಿಂತು "ಇಲ್ಲ" ಒತ್ತುವಾಗ ತಪ್ಪು ಆಪ್‌ನದಲ್ಲ ಅಂತ ಗೊತ್ತಾಗುತ್ತದೆ. ಮನೆಯ ಚಾವಣಿ ಯಾವ ಆಕಾರ ಎಂಬ ಪ್ರಶ್ನೆಯನ್ನು ಸೆಟ್ಟಿಂಗಿನಲ್ಲಿ ಆಫ್ ಆಗಿಯೇ ಇಟ್ಟಿದ್ದೇನೆ. ನಮ್ಮ ಬಡಾವಣೆಯಲ್ಲಿ ಎಲ್ಲಾ ತಾರಸಿ, ಮೇಲೊಂದು ಸಿಂಟೆಕ್ಸ್.

ಏಳನೇ ತಿಂಗಳ ಹೊತ್ತಿಗೆ ನನಗೆ ಇದು ಸಾಕಾಗಿತ್ತು. ಸಾಕು ಮಾಡಿಕೊಂಡಿದ್ದು ನಾನೇ. ಒಂದು ಉತ್ತರಕ್ಕೆ ಒಂದು ನಕ್ಷತ್ರ, ಇಷ್ಟಾದರೆ ಒಂದು ಪದಕ. ಪದಕದ ಜೊತೆ ಸಿಗುವುದು ದುಡ್ಡಲ್ಲ, ನಕ್ಷೆಗೆ ಸಂಬಂಧಪಟ್ಟ ಯಾವುದೋ ಒಳ್ಳೆಯ ಜಾಲತಾಣದ ಕೊಂಡಿ. ಆದರೂ ಆಸೆ ಬಿಡಬೇಕಲ್ಲ! ತಂಡವಾಗಿ ಆಡುವ ವ್ಯವಸ್ಥೆ ಇದೆ, ಒಬ್ಬೊಬ್ಬರಿಗೆ ಒಂದಿಷ್ಟು ಪ್ರಶ್ನೆ ಹಂಚಿಕೊಡುತ್ತದೆ. ಮಗಳನ್ನೂ ಸೇರಿಸಿಕೊಂಡೆ. ಅವಳು ಸ್ಕೂಟರಿನ ಹಿಂದೆ ಕೂತು ಪಟಪಟ ಒತ್ತಲು ಶುರು ಮಾಡಿದಳು. ದೂರದಿಂದ ಉತ್ತರ ಕೊಟ್ಟರೆ, ನೀವು ನಿಜವಾಗಿ ನೋಡಿದ್ದೀರಾ ಎಂದು ಆಪ್ ಕೇಳುತ್ತದೆ. ಅದಕ್ಕೂ "ಹೌದು" ಒತ್ತಿದ್ದಾಳೆ! ಒಂದು ಸಂಜೆ ಕೂತು ನೋಡಿದರೆ ಇಟ್ಟಿಗೆ ಹಾಸಿದ ಮೂರು ಓಣಿ ಡಾಂಬರಾಗಿದ್ದವು. ಎಲ್ಲ ತಿದ್ದಿ, ಫೋನು ಪಕ್ಕಕ್ಕಿಟ್ಟು, ಒಂದೂವರೆ ತಿಂಗಳು ಆಪ್ ಕಡೆ ತಿರುಗಿ ನೋಡಲಿಲ್ಲ.

ಮತ್ತೆ ತೆರೆದದ್ದು ಅಮ್ಮನ ಮಂಡಿಯಿಂದ. ಆಪರೇಷನ್ ಆದ ಮೇಲೆ ಡಾಕ್ಟರು ದಿನಾ ನಡೆಯಲೇಬೇಕು ಎಂದರು. ಅಮ್ಮನಿಗೆ ಇನ್ನೂರು ಮುನ್ನೂರು ಹೆಜ್ಜೆಗೆ ಒಮ್ಮೆ ಕೂರಬೇಕು. ಬರೀ ಚಪ್ಪಡಿ ಮೇಲೆ ಕೂತರೆ ಎದ್ದೇಳಲು ನನ್ನ ಭುಜ ಬೇಕು, ಹಿಂದೆ ಒರಗು ಇದ್ದರೆ ಅದನ್ನೇ ಹಿಡಿದು ಏಳುತ್ತಾರೆ. ಅವತ್ತು ನಕ್ಕಿದ್ದ ಪ್ರಶ್ನೆ ನೆನಪಾಯಿತು. ಓಸ್ಮ್ಯಾಂಡ್ ಎಂಬ ಇನ್ನೊಂದು ಆಪ್ ಇದೇ ನಕ್ಷೆಯನ್ನು ಬಳಸುತ್ತದೆ. ಅದರಲ್ಲಿ ಬೆಂಚಿನ ಮೇಲೆ ಒತ್ತಿದರೆ ಒರಗು ಇದೆಯೋ ಇಲ್ಲವೋ ತೋರಿಸುತ್ತದೆ. ಆದರೆ ನಮ್ಮ ಕಡೆ ನಕ್ಷೆಗೆ ಏರಿದ್ದ ಬೆಂಚುಗಳೇ ನಾಲ್ಕು.

ಆಗ ಸ್ಟ್ರೀಟ್‌ಕಂಪ್ಲೀಟ್‌ನಲ್ಲಿ ಓವರ್‌ಲೇ ಎಂಬ ಭಾಗ ಕಣ್ಣಿಗೆ ಬಿತ್ತು. ಅಲ್ಲಿ ಪ್ರಶ್ನೆಗೆ ಕಾಯಬೇಕಿಲ್ಲ, ಇಲ್ಲದ ವಸ್ತುವನ್ನು ನಾವೇ ಸೇರಿಸಬಹುದು. ಎರಡು ವಾರದಲ್ಲಿ ಇಪ್ಪತ್ಮೂರು ಬೆಂಚು ಹಾಕಿದೆ. ಒರಗು ಇರುವುದು ಒಂಬತ್ತಕ್ಕೆ ಮಾತ್ರ, ಬಹುಪಾಲು ಪಾರ್ಕಿನೊಳಗಿನ ಸಿಮೆಂಟಿನವು. ಆ ಒಂಬತ್ತನ್ನು ಪೋಣಿಸಿ ಅಮ್ಮನಿಗೊಂದು ದಾರಿ ಮಾಡಿದೆ. ಮೊದಲ ದಿನ ಮೂರನೇ ಬೆಂಚಿನಲ್ಲಿ ಕೂತು, "ಇದು ನಿನ್ನ ಫೋನಿಗೆ ಹೆಂಗೆ ಗೊತ್ತು?" ಎಂದರು. ನಾನೇ ಹೇಳಿಕೊಟ್ಟಿದ್ದು ಎಂದೆ. ನಂಬಲಿಲ್ಲ.

ಖರ್ಚಿನ ಮಾತು: ಆಪ್‌ಗೆ ದುಡ್ಡಿಲ್ಲ, ಜಾಹೀರಾತೂ ಇಲ್ಲ. ನನ್ನದು ಹನ್ನೊಂದು ಸಾವಿರದ ಹಳೇ ಆಂಡ್ರಾಯ್ಡ್. ಒಂದು ಗಂಟೆ ಸುತ್ತಿದರೆ ಬ್ಯಾಟರಿ ಕಾಲು ಭಾಗ ಇಳಿಯುತ್ತದೆ. ಮರದ ಕೆಳಗೆ ನಿಂತರೆ ಆ ಬಡಪಾಯಿ ಫೋನು ನಕ್ಷೆಯಲ್ಲಿ ನನ್ನನ್ನು ಪಕ್ಕದ ಕ್ರಾಸಿನಲ್ಲಿ ನಿಲ್ಲಿಸುತ್ತದೆ. ಒಂದು ಎಚ್ಚರಿಕೆ: ನೀವು ಕೊಟ್ಟ ಉತ್ತರ ನಿಮ್ಮ ಖಾತೆಯ ಹೆಸರಲ್ಲಿ, ದಿನ ಮತ್ತು ಹೊತ್ತಿನ ಸಮೇತ, ಯಾರು ಬೇಕಾದರೂ ನೋಡುವ ಹಾಗೆ ಇರುತ್ತದೆ. ನಿಜವಾದ ಹೆಸರು ಹಾಕಬೇಡಿ. ನಾನು ಮನೆಯ ಪಕ್ಕದ ಪ್ರಶ್ನೆಗಳನ್ನು ಹಾಗೇ ಬಿಟ್ಟಿದ್ದೇನೆ.

ಅಮ್ಮನ ದಾರಿಯಲ್ಲಿ ಈಗ ಒಂದೇ ತೊಂದರೆ. ಪಾರ್ಕಿನಿಂದ ದೇವಸ್ಥಾನದವರೆಗಿನ ತುಂಡಿನಲ್ಲಿ ಒಂದೂ ಬೆಂಚಿಲ್ಲ. ನಡುವೆ ಇರುವುದು ಆ ದಿನಸಿ ಅಂಗಡಿ. ಹೋದ ತಿಂಗಳು ಅಮ್ಮ ಅಲ್ಲಿನ ಕಂಬ ಹಿಡಿದು ನಿಂತಾಗ ಯಜಮಾನರು ಒಳಗಿಂದ ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದರು. ಈಗ ಆರೂಕಾಲಿಗೆ ಅದು ತಾನಾಗಿ ಹೊರಗೆ ಬಂದಿರುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಎತ್ತಿ ಒಳಗಿಡುವ ವಸ್ತುಗಳನ್ನು ಹಾಕುವ ಹಾಗಿಲ್ಲ, ಹಾಗಾಗಿ ಅದು ಇಪ್ಪತ್ಮೂರರ ಲೆಕ್ಕಕ್ಕೆ ಸೇರಿಲ್ಲ. ಮೊನ್ನೆ ಯಜಮಾನರು, "ಕುರ್ಚಿ ಹಾಕಿದ್ರಾ ಸಾರ್ ಮ್ಯಾಪಿಗೆ?" ಎಂದು ಕೇಳಿದರು. ಇಲ್ಲ ಎಂದೆ. "ಯಾಕೆ?" ಎಂದರು.